ವೇಗ ಹಿರಿದೋ, ಆಳ ಹಿರಿದೋ?

ಬೇಗ ಮಾಡಿದ್ದೆಲ್ಲ ಜಾಣತನ, ತಡವಾದದ್ದೆಲ್ಲ ದಡ್ಡತನ ಎಂಬ ಎಣಿಕೆಯೊಂದು ನಮ್ಮ ಮನೆಗಳಲ್ಲಿ ಬಹು ಹಿಂದಿನಿಂದಲೂ ಬೇರೂರಿದೆ. ಮಗು ಮಗ್ಗಿಯನ್ನು ಎಷ್ಟು ಬೇಗ ಒಪ್ಪಿಸಿತು, ಪರೀಕ್ಷೆಯ ಕೊಠಡಿಯಿಂದ ಎಷ್ಟು ಮೊದಲು ಹೊರಗೆ ಬಂದಿತು ಎಂಬುದನ್ನು ನೋಡಿಯೇ ನಾವು ಅದರ ಬುದ್ಧಿಗೆ ಬೆಲೆ ಕಟ್ಟುತ್ತೇವೆ. ಇದಕ್ಕೆ ಎದುರಾಗಿ ‘ನಿಧಾನವೇ ಪ್ರಧಾನ’ ಎಂಬ ಗಾದೆಯೂ ನಮ್ಮ ಬಾಯಲ್ಲಿದೆ. ಎರಡನ್ನೂ ಆಡುತ್ತೇವೆ, ಯಾವುದು ಎಲ್ಲಿ ಸಲ್ಲುತ್ತದೆ ಎಂಬುದನ್ನು ಮಾತ್ರ ವಿಚಾರಿಸಲು ಹೋಗುವುದಿಲ್ಲ. ಈ ವಿಚಾರಕ್ಕೆ ಇಂದು ಒಂದು ಹೊಸ ಕ್ಷೇತ್ರ ಒದಗಿ ಬಂದಿದೆ. ಅದೇ ಗಣಕಯಂತ್ರದ ಪ್ರೋಗ್ರಾಮಿಂಗ್ ಸ್ಪರ್ಧೆ.

ಇಂಜಿನಿಯರಿಂಗ್ ಓದುವ ಮಕ್ಕಳಿರುವ ಮನೆಗಳ ತಾಯಂದಿರಿಗೆ ಈ ಸ್ಪರ್ಧೆಯ ಪರಿಚಯ ಊಟದ ಹೊತ್ತಿನಲ್ಲಿಯೇ ಆಗಿರುತ್ತದೆ. ರಾತ್ರಿ ಎಂಟರ ಸುಮಾರಿಗೆ ಮಗನೋ ಮಗಳೋ, “ಅವ್ವಾ, ಎರಡು ತಾಸು ಕರೀಬ್ಯಾಡ, ಕಾಂಟೆಸ್ಟ್ ಐತಿ” ಎಂದು ಹೇಳಿ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾರೆ. ಹತ್ತು ಗಂಟೆಗೆ ಬಾಗಿಲು ತೆರೆದಾಗ ಮುಖ ಅರಳಿದ್ದರೆ ರೇಟಿಂಗ್ ಏರಿತೆಂದೂ ಬಾಡಿದ್ದರೆ ಇಳಿಯಿತೆಂದೂ ತಿಳಿಯಬೇಕು. ಇಂತಹ ಮನೆಗಳ ಹಿರಿಯರು ಒಂದು ಪ್ರಶ್ನೆಯನ್ನು ಕೇಳುತ್ತಿರುತ್ತಾರೆ: “ಪಕ್ಕದ ಮನೆಯ ಹುಡುಗ ಇಪ್ಪತ್ತು ನಿಮಿಷದಲ್ಲಿ ಬಿಡಿಸಿದ ಲೆಕ್ಕಕ್ಕೆ ನಮ್ಮವನು ಒಂದೂವರೆ ತಾಸು ಕುಳಿತನಂತೆ. ನಮ್ಮವನ ಬುದ್ಧಿ ಮಂದವೆ?” ಈ ಪ್ರಶ್ನೆಯ ಹಿಂದೆ ಮಗುವಿನ ನೌಕರಿಯ ಚಿಂತೆಯಿದೆ, ಮನೆಯ ಭರವಸೆಯಿದೆ. ಆದುದರಿಂದ ಇದನ್ನು ಹಗುರವಾಗಿ ತೆಗೆದುಕೊಳ್ಳದೆ, ಸ್ಪರ್ಧೆಯ ಸ್ವರೂಪವನ್ನು ಅರಿತು ಉತ್ತರಿಸುವುದು ಲೇಸು.

ಮೊದಲು ಈ ಸ್ಪರ್ಧೆಯಲ್ಲಿ ಏನು ನಡೆಯುತ್ತದೆಂಬುದನ್ನು ನೋಡೋಣ. ಸ್ಪರ್ಧಾಳುವಿಗೆ ಕೆಲವು ಲೆಕ್ಕಗಳನ್ನು ಕೊಡುತ್ತಾರೆ. ಅವನು ಉತ್ತರವನ್ನು ನೇರವಾಗಿ ಬರೆಯುವುದಿಲ್ಲ. ಉತ್ತರವನ್ನು ಕಂಡುಹಿಡಿಯುವ ಪ್ರೋಗ್ರಾಂ ಬರೆದು ಸಲ್ಲಿಸುತ್ತಾನೆ. ಪರೀಕ್ಷಕನ ಸ್ಥಾನದಲ್ಲಿರುವ ಯಂತ್ರವು ಆ ಪ್ರೋಗ್ರಾಂ ಅನ್ನು, ಸ್ಪರ್ಧಾಳುವಿಗೆ ಕಾಣದಂತೆ ಇರಿಸಿದ ಹತ್ತಾರು ಬಗೆಯ ಅಂಕಿಗಳ ಮೇಲೆ ಓಡಿಸಿ ನೋಡುತ್ತದೆ. ಪ್ರತಿಯೊಂದಕ್ಕೂ ಸರಿಯಾದ ಉತ್ತರ ಬರಬೇಕು; ಅದೂ ಸಾಮಾನ್ಯವಾಗಿ ಒಂದೆರಡು ಸೆಕೆಂಡುಗಳ ಒಳಗೆ ಬರಬೇಕು. ಹೀಗಾಗಿ ಇಲ್ಲಿ ವೇಗವೆಂಬುದು ಒಂದೇ ಅಲ್ಲ, ಎರಡು. ಬರೆಯುವವನ ವೇಗ ಒಂದು. ಬರೆದ ವಿಧಾನದ ವೇಗ ಮತ್ತೊಂದು. ಎರಡನೆಯದು ಕೈಚಳಕದಿಂದ ಬರುವಂಥದಲ್ಲ. ಲೆಕ್ಕದ ಒಳಗನ್ನು ಕಂಡವನಿಗೆ ಮಾತ್ರ ಅದು ದೊರೆಯುತ್ತದೆ. ಲೆಕ್ಕವನ್ನು ಬಿಡಿಸುವ ಹಂತಹಂತದ ವಿಧಾನಕ್ಕೆ ಅಲ್ಗಾರಿದಮ್ ಎನ್ನುತ್ತಾರೆ. ಒಂಬತ್ತನೆಯ ಶತಮಾನದಲ್ಲಿ ಬಾಗ್ದಾದಿನಲ್ಲಿದ್ದ, ನಮ್ಮ ಭಾರತೀಯ ಅಂಕಿಗಳ ಲೆಕ್ಕವನ್ನು ಕುರಿತು ಗ್ರಂಥ ಬರೆದ ಅಲ್ ಖ್ವಾರಿಜ್ಮಿ ಎಂಬ ವಿದ್ವಾಂಸನ ಹೆಸರೇ ಲ್ಯಾಟಿನ್ನಿನ ಬಾಯಲ್ಲಿ ಸವೆದು ಈ ಪದವಾಗಿದೆ. ಕನ್ನಡದಲ್ಲಿ ಇದನ್ನು ಕ್ರಮವಿಧಿ ಎಂದು ಕರೆಯೋಣ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾದೀತು. ಅಂಗಡಿಯ ಕೀರ್ದಿ ಪುಸ್ತಕದಲ್ಲಿ ದಿನದಿನದ ಲಾಭ-ನಷ್ಟಗಳನ್ನು ಬರೆದಿದೆ ಎನ್ನಿ. ಬಿಡುವಿಲ್ಲದೆ ಒಂದರ ಪಕ್ಕ ಒಂದು ಬರುವ ಯಾವ ದಿನಗಳನ್ನು ಆರಿಸಿ ಕೂಡಿದರೆ ಮೊತ್ತ ಅತ್ಯಧಿಕವಾಗುತ್ತದೆ? ಇದು ಪ್ರಶ್ನೆ. ಏಳು ದಿನಗಳ ಲೆಕ್ಕ ಹೀಗಿರಲಿ: 3 ಲಾಭ, 5 ನಷ್ಟ, 4 ಲಾಭ, 1 ನಷ್ಟ, 6 ಲಾಭ, 8 ನಷ್ಟ, 5 ಲಾಭ. ಮೂರನೆಯ ದಿನದಿಂದ ಐದನೆಯ ದಿನದವರೆಗೆ ಕೂಡಿದರೆ 9 ಬರುತ್ತದೆ. ಅದಕ್ಕಿಂತ ಹೆಚ್ಚು ಬೇರೆಲ್ಲಿಯೂ ಬರುವುದಿಲ್ಲ. ಏಳು ದಿನಗಳಾದರೆ ಕಣ್ಣಿನಿಂದಲೇ ಹೇಳಬಹುದು. ಒಂದು ಲಕ್ಷ ದಿನಗಳಾದರೆ? ಅಷ್ಟು ದಿನವೆಂದರೆ 270 ವರ್ಷಗಳಿಗೂ ಮಿಗಿಲಾಯಿತು. ಯಾವ ಅಂಗಡಿಯ ಕೀರ್ದಿಯೂ ಅಷ್ಟು ಉದ್ದವಿರಲಾರದು. ಆದರೆ ಗಣಕಯಂತ್ರದ ಲೋಕದಲ್ಲಿ ಲಕ್ಷ ಅಂಕಿಗಳೆಂದರೆ ಸಣ್ಣ ಗಂಟು.

ಮೊದಲು ಹೊಳೆಯುವ ಉಪಾಯ ಇದು: ಪ್ರತಿಯೊಂದು ದಿನದಿಂದ ತೊಡಗಿ, ಮುಂದಿನ ಪ್ರತಿಯೊಂದು ದಿನದವರೆಗೂ ಕೂಡಿ ನೋಡುವುದು. ಇದನ್ನು ಐದು ನಿಮಿಷದಲ್ಲಿ ಬರೆದು ಮುಗಿಸಬಹುದು. ಆದರೆ ಹೀಗೆ ಆರಿಸಬಹುದಾದ ತುಣುಕುಗಳು ಸುಮಾರು 500 ಕೋಟಿ. ಯಂತ್ರವು ಸೆಕೆಂಡಿಗೆ ಸುಮಾರು 10 ಕೋಟಿ ಹೆಜ್ಜೆ ಇಡುತ್ತದೆಂದು ಸ್ಪರ್ಧಾಳುಗಳು ಸ್ಥೂಲವಾಗಿ ಎಣಿಸುವುದು ರೂಢಿ. ಪ್ರತಿ ತುಣುಕನ್ನೂ ಮೊದಲಿನಿಂದ ಕೂಡುತ್ತ ಹೋದರೆ ಆ ಲೆಕ್ಕದಲ್ಲಿ ಸುಮಾರು 19 ದಿನ ಬೇಕು. ಹಿಂದಿನ ಮೊತ್ತವನ್ನು ಉಳಿಸಿಕೊಂಡು ಮುಂದಿನ ದಿನವನ್ನಷ್ಟೇ ಸೇರಿಸುವ ಜಾಣತನ ತೋರಿದರೂ 50 ಸೆಕೆಂಡು ಬೇಕು. ಕೊಟ್ಟಿರುವ ಅವಧಿಯಾದರೋ ಒಂದು ಸೆಕೆಂಡು.

ಈ ಲೆಕ್ಕಕ್ಕೆ ಒಂದು ಇತಿಹಾಸವಿದೆ. ಅದನ್ನು ಜಾನ್ ಬೆಂಟ್ಲಿ ಎಂಬ ಅಮೆರಿಕದ ಗಣಕಶಾಸ್ತ್ರಜ್ಞರು 1984ರಲ್ಲಿ ಬರೆದಿಟ್ಟಿದ್ದಾರೆ. ಬ್ರೌನ್ ವಿಶ್ವವಿದ್ಯಾಲಯದ ಉಲ್ಫ್ ಗ್ರೆನಾಂಡರ್ ಅವರಿಗೆ ಚಿತ್ರಗಳಲ್ಲಿನ ವಿನ್ಯಾಸವನ್ನು ಗುರುತಿಸುವ ಕೆಲಸದಲ್ಲಿ ಇಂಥದೇ ಪ್ರಶ್ನೆ ಎದುರಾಯಿತು. 1977ರಲ್ಲಿ ಅವರು ಅದನ್ನು ಮೈಕೇಲ್ ಶಾಮೋಸ್ ಎಂಬುವರಿಗೆ ತಿಳಿಸಿದರು. ಶಾಮೋಸರು ಒಂದು ರಾತ್ರಿ ಕುಳಿತು, ಅಂಕಿಗಳ ಸಾಲನ್ನು ಮತ್ತೆಮತ್ತೆ ಇಬ್ಭಾಗಿಸಿ ಉತ್ತರ ಹುಡುಕುವ ವಿಧಾನವೊಂದನ್ನು ರೂಪಿಸಿದರು. ನಮ್ಮ ಲಕ್ಷ ದಿನಗಳ ಲೆಕ್ಕಕ್ಕೆ ಅದರಿಂದ ಸುಮಾರು 17 ಲಕ್ಷ ಹೆಜ್ಜೆಗಳು ಸಾಕಾಗುತ್ತವೆ. ಇದಕ್ಕಿಂತ ಉತ್ತಮವಾದುದು ಇರಲಾರದೆಂದು ಅವರೂ ಬೆಂಟ್ಲಿಯವರೂ ಭಾವಿಸಿದರು. ಕೆಲವು ದಿನಗಳ ಬಳಿಕ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಗೋಷ್ಠಿಯೊಂದರಲ್ಲಿ ಶಾಮೋಸರು ಈ ಪ್ರಶ್ನೆಯನ್ನೂ ಅದರ ಕತೆಯನ್ನೂ ವಿವರಿಸುತ್ತಿದ್ದಾಗ, ಸಭೆಯಲ್ಲಿದ್ದ ಸಂಖ್ಯಾಶಾಸ್ತ್ರಜ್ಞ ಜೇ ಕಡೇನ್ ಅವರು ಒಂದೇ ನಿಮಿಷದೊಳಗೆ ಇನ್ನೂ ಉತ್ತಮವಾದ ವಿಧಾನವನ್ನು ಕಂಡುಹಿಡಿದರು.

ಆ ವಿಧಾನ ಎಷ್ಟು ಸರಳವೆಂದರೆ ಮನೆಯ ಯಜಮಾನಿಗೂ ಕೂಡಲೆ ಮನದಟ್ಟಾಗುತ್ತದೆ. ಮೊದಲ ದಿನದಿಂದ ಕೂಡುತ್ತ ಬರುವುದು. ಕೈಯಲ್ಲಿರುವ ಮೊತ್ತ ಸೊನ್ನೆಗಿಂತ ಕೆಳಗಿಳಿಯಿತೋ, ಆ ಹಳೆಯ ನಷ್ಟವನ್ನು ಹೊತ್ತುಕೊಂಡು ಮುಂದೆ ಹೋಗಿ ಪ್ರಯೋಜನವಿಲ್ಲ. ಅದನ್ನು ಅಲ್ಲಿಯೇ ಬಿಟ್ಟು ಮರುದಿನದಿಂದ ಹೊಸ ಲೆಕ್ಕ ತೊಡಗುವುದು. ದಾರಿಯಲ್ಲಿ ಕಂಡ ಅತ್ಯಧಿಕ ಮೊತ್ತವನ್ನು ನೆನಪಿಟ್ಟುಕೊಳ್ಳುವುದು. ಲಕ್ಷ ದಿನಗಳಿಗೆ ಲಕ್ಷ ಹೆಜ್ಜೆ. ಒಂದು ಸೆಕೆಂಡಿನ ಸಾವಿರದಲ್ಲಿ ಒಂದು ಪಾಲಿನಷ್ಟು ಹೊತ್ತು. ಎಲ್ಲ ಅಂಕಿಗಳನ್ನೂ ಒಮ್ಮೆಯಾದರೂ ನೋಡಲೇಬೇಕಾದುದರಿಂದ ಇದಕ್ಕಿಂತ ಮಿಗಿಲಾದ ಸುಧಾರಣೆಗೆ ಆಸ್ಪದವೇ ಇಲ್ಲ.

ಇಲ್ಲಿ ಯಾರು ಜಾಣರು? ಒಂದು ರಾತ್ರಿ ಕುಳಿತ ಶಾಮೋಸರೋ, ಒಂದು ನಿಮಿಷ ಯೋಚಿಸಿದ ಕಡೇನರೋ? ಒಂದು ನಿಮಿಷವನ್ನು ಮಾತ್ರ ನೋಡುವವರು ಕಡೇನರನ್ನು ಹೊಗಳಿ ಸುಮ್ಮನಾಗುತ್ತಾರೆ. ಆದರೆ ಆ ನಿಮಿಷದ ಹಿಂದೆ ಅಂಕಿಗಳ ಏರಿಳಿತವನ್ನೇ ಓದುವ ಸಂಖ್ಯಾಶಾಸ್ತ್ರದ ಅಭ್ಯಾಸವಿತ್ತು. ಶಾಮೋಸರು ಪ್ರಶ್ನೆಯನ್ನು ಹದಮಾಡಿ ಸಭೆಯ ಮುಂದಿಟ್ಟಿದ್ದರು. ವೇಗವಾಗಿ ಬಂದ ಆ ಉತ್ತರ ಆಳವಾದ ನೆಲದಲ್ಲಿ ಬೇರು ಬಿಟ್ಟಿತ್ತು. ಶಾಮೋಸರ ರಾತ್ರಿಯೂ ವ್ಯರ್ಥವಾಗಲಿಲ್ಲ. ಇಬ್ಭಾಗಿಸಿ ಸಾಧಿಸುವ ಅವರ ಉಪಾಯ ಇಂದಿಗೂ ವಿದ್ಯಾರ್ಥಿಗಳು ಕಲಿಯಬೇಕಾದ ಮೂಲವಿದ್ಯೆಗಳಲ್ಲಿ ಒಂದು.

ಇನ್ನು ಸ್ಪರ್ಧೆಗಳು ವೇಗವನ್ನು ಹೇಗೆ ತೂಗುತ್ತವೆ ಎಂಬುದನ್ನು ಪರಿಶೀಲಿಸೋಣ. ಎಲ್ಲ ಸ್ಪರ್ಧೆಗಳ ತಕ್ಕಡಿಯೂ ಒಂದೇ ಬಗೆಯಲ್ಲ ಎಂಬುದನ್ನು ಹಿರಿಯರು ಮೊದಲು ತಿಳಿಯಬೇಕು.

ಪ್ರೌಢಶಾಲೆ ಹಾಗೂ ಪದವಿಪೂರ್ವ ವಿದ್ಯಾರ್ಥಿಗಳ ಅಂತರರಾಷ್ಟ್ರೀಯ ಇನ್‌ಫರ್ಮ್ಯಾಟಿಕ್ಸ್ ಒಲಿಂಪಿಯಾಡ್ 1989ರಲ್ಲಿ ಬಲ್ಗೇರಿಯದಲ್ಲಿ ಆರಂಭವಾಯಿತು. ಭಾರತ 2002ರಿಂದ ಅದರಲ್ಲಿ ಭಾಗವಹಿಸುತ್ತಿದೆ. ಅಲ್ಲಿ ಎರಡು ದಿನ, ದಿನಕ್ಕೆ ಐದು ತಾಸು, ಮೂರು ಮೂರು ಲೆಕ್ಕ. ಮೊದಲ ತಾಸಿನಲ್ಲಿ ಬಿಡಿಸಿದವನಿಗೂ ಕೊನೆಯ ನಿಮಿಷದಲ್ಲಿ ಬಿಡಿಸಿದವನಿಗೂ ಅಂಕ ಒಂದೇ. ಪೂರ್ಣ ಉತ್ತರ ಸಿಗದಿದ್ದರೂ ಎಷ್ಟು ದೂರ ನಡೆದನೋ ಅಷ್ಟಕ್ಕೆ ಅಂಕವುಂಟು. ಅವಧಿಯ ಗಡಿಯೊಂದನ್ನು ಬಿಟ್ಟರೆ ವೇಗಕ್ಕೆ ಅಲ್ಲಿ ಬೇರೆ ಬಹುಮಾನವಿಲ್ಲ.

ಕಾಲೇಜು ವಿದ್ಯಾರ್ಥಿಗಳ ಐಸಿಪಿಸಿ ಸ್ಪರ್ಧೆಯ ಮೂಲ 1970ರಲ್ಲಿ ಅಮೆರಿಕದ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿದೆ. ನಮ್ಮ ದೇಶದಲ್ಲಿ ಕೇರಳದ ಅಮೃತಪುರಿ, ಉತ್ತರ ಪ್ರದೇಶದ ಕಾನ್ಪುರ ಮೊದಲಾದೆಡೆ ಇದರ ಪ್ರಾದೇಶಿಕ ಸುತ್ತುಗಳು ನಡೆದುಕೊಂಡು ಬಂದಿವೆ. ಮೂವರ ತಂಡ, ಒಂದೇ ಗಣಕಯಂತ್ರ, ಐದು ತಾಸು. ಎಷ್ಟು ಲೆಕ್ಕಗಳನ್ನು ಬಿಡಿಸಿದರು ಎಂಬುದು ಇಲ್ಲಿ ಮೊದಲ ಮಾನದಂಡ. ಅದು ಸಮನಾದಾಗ ಮಾತ್ರ ಕಾಲದ ಎಣಿಕೆ. ಲೆಕ್ಕ ಬಿಡಿಸಲು ತಗುಲಿದ ನಿಮಿಷಗಳ ಜೊತೆಗೆ, ಅದಕ್ಕೂ ಮೊದಲು ಸಲ್ಲಿಸಿದ ಪ್ರತಿಯೊಂದು ತಪ್ಪು ಉತ್ತರಕ್ಕೂ 20 ನಿಮಿಷದ ದಂಡವನ್ನು ಸೇರಿಸುತ್ತಾರೆ. 25ನೆಯ ನಿಮಿಷದಲ್ಲಿ ಬಿಡಿಸಿದರೂ ಅದಕ್ಕೆ ಮುನ್ನ ಒಮ್ಮೆ ಆತುರದಿಂದ ಎಡವಿದ ತಂಡದ ಲೆಕ್ಕ 45 ಆಗುತ್ತದೆ. ಮತ್ತೆ ಮತ್ತೆ ಪರಿಶೀಲಿಸಿ 40ನೆಯ ನಿಮಿಷದಲ್ಲಿ ಒಂದೇ ಸಲಕ್ಕೆ ಸರಿಯಾಗಿ ಕೊಟ್ಟ ತಂಡದ ಲೆಕ್ಕ 40. ಆತುರಗಾರನಿಗೆ ಬುದ್ಧಿ ಮಟ್ಟವೆಂಬ ಮಾತನ್ನು ಅಂಕಗಣಿತಕ್ಕೆ ಇಳಿಸಿದರೆ ಹೀಗೆಯೇ ಇರುತ್ತದೆ.

ನಮ್ಮ ಮಕ್ಕಳು ಮನೆಯಲ್ಲಿ ಕುಳಿತು ಭಾಗವಹಿಸುವ ಸ್ಪರ್ಧೆಗಳ ರೀತಿ ಬೇರೆ. 2001ರಲ್ಲಿ ತೊಡಗಿದ ಟಾಪ್‌ಕೋಡರ್‌ನ ಸ್ಪರ್ಧೆಗಳಲ್ಲಿ 75 ನಿಮಿಷಗಳಲ್ಲಿ ಮೂರು ಲೆಕ್ಕಗಳಿದ್ದವು. ಲೆಕ್ಕವನ್ನು ತೆರೆದು ಓದಿದ ಗಳಿಗೆಯಿಂದಲೇ ಅದರ ಅಂಕ ಕರಗತೊಡಗುತ್ತಿತ್ತು. ರಷ್ಯದ ಸರಾತೋವ್ ನಗರದ ವಿಶ್ವವಿದ್ಯಾಲಯದಲ್ಲಿ ಮೈಕ್ ಮಿರ್ಜಾಯನೋವ್ ಅವರು 2010ರಲ್ಲಿ ಸ್ಥಾಪಿಸಿದ ಕೋಡ್‌ಫೋರ್ಸಸ್ ಇಂದು ಈ ಬಗೆಯಲ್ಲಿ ಬಹು ಪ್ರಸಿದ್ಧ. ಅದರ ಎರಡು ತಾಸಿನ ಸುತ್ತುಗಳಲ್ಲಿ ರೂಢಿಯಲ್ಲಿರುವ ಲೆಕ್ಕದಂತೆ 500 ಅಂಕದ ಪ್ರಶ್ನೆಯಿಂದ ನಿಮಿಷಕ್ಕೆ 2 ಅಂಕವೂ 2500 ಅಂಕದ ಪ್ರಶ್ನೆಯಿಂದ ನಿಮಿಷಕ್ಕೆ 10 ಅಂಕವೂ ಕಳೆಯುತ್ತ ಹೋಗುತ್ತವೆ. ಪ್ರತಿ ತಪ್ಪು ಸಲ್ಲಿಕೆಗೆ 50 ಅಂಕದ ದಂಡ.

ಈ ಅಂಕಿಗಳನ್ನು ತುಸು ಕೂಡಿ ಕಳೆದು ನೋಡಿದರೆ ಒಂದು ಸತ್ಯ ಹೊರಬೀಳುತ್ತದೆ. ಸುಲಭದ ಪ್ರಶ್ನೆಯನ್ನು ಐದನೆಯ ನಿಮಿಷದಲ್ಲಿ ಬಿಡಿಸಿದವನಿಗೂ ಹದಿನೈದನೆಯ ನಿಮಿಷದಲ್ಲಿ ಬಿಡಿಸಿದವನಿಗೂ ಇರುವ ಅಂತರ ಕೇವಲ 20 ಅಂಕ. ಕಠಿಣ ಪ್ರಶ್ನೆಯನ್ನು ನೂರನೆಯ ನಿಮಿಷದಲ್ಲಿ ಬಿಡಿಸಿದರೂ 1500 ಅಂಕ ಕೈಗೆ ಬರುತ್ತದೆ. ಸುಲಭದ ಪ್ರಶ್ನೆಗಳಲ್ಲಿ ಎಷ್ಟೇ ಓಡಿದರೂ ಅಷ್ಟು ಗಳಿಸಲಾಗದು. ಹಾಗಾದರೆ ವೇಗಕ್ಕೆ ಇಷ್ಟು ಪ್ರಾಮುಖ್ಯ ಬಂದದ್ದು ಏಕೆ? ಸಾವಿರಾರು ಮಂದಿ ಅವೇ ಎರಡು ಮೂರು ಸುಲಭದ ಲೆಕ್ಕಗಳನ್ನು ಬಿಡಿಸಿ ನಿಂತಿರುತ್ತಾರೆ. ಅವರಲ್ಲಿ ಮೇಲು-ಕೆಳಗನ್ನು ನಿರ್ಣಯಿಸಲು ಕಾಲದ ಹೊರತು ಬೇರೆ ಅಳತೆಗೋಲಿಲ್ಲ. ಅಲ್ಲಿ 20 ಅಂಕದ ಅಂತರವೇ ನೂರಾರು ಸ್ಥಾನಗಳನ್ನು ಹಿಂದು ಮುಂದು ಮಾಡಬಲ್ಲದು. ಮಧ್ಯದ ಮೆಟ್ಟಿಲುಗಳಲ್ಲಿ ಕೈಯ ವೇಗ ಸ್ಥಾನವನ್ನು ಕೊಡುತ್ತದೆ. ಮೇಲಿನ ಮೆಟ್ಟಿಲಿಗೆ ಏರಿಸುವುದು ಮಾತ್ರ ಆಳವಾದ ತಿಳಿವಳಿಕೆ. ತನ್ನ ಮೆಟ್ಟಿಲಿನಲ್ಲಿಯೇ ನೂರು ಸ್ಥಾನ ಮುಂದೆ ಹೋಗಲು ಹೆಣಗುವ ಮಗುವಿಗೆ, ಏಣಿ ಮೇಲಕ್ಕೂ ಇದೆಯೆಂಬುದನ್ನು ತಿಳಿಸುವವರು ಬೇಕು.

ವೇಗವನ್ನು ತೀರ ಕಡೆಗಣಿಸಿದ ಪ್ರಯೋಗಗಳೂ ನಡೆದಿವೆ. 2009ರಲ್ಲಿ ಆರಂಭವಾದ ಭಾರತದ ಕೋಡ್‌ಷೆಫ್ ಬಹುಕಾಲ ತಿಂಗಳಿಗೊಮ್ಮೆ ಹತ್ತು ದಿನಗಳ ದೀರ್ಘ ಸ್ಪರ್ಧೆಯನ್ನು ನಡೆಸುತ್ತಿತ್ತು. ತಿಳಿಯದ ವಿಷಯ ಎದುರಾದರೆ ಗ್ರಂಥಾಲಯಕ್ಕೆ ಹೋಗಿ ಓದಿ, ಎರಡು ರಾತ್ರಿ ಯೋಚಿಸಿ, ಮೂರನೆಯ ದಿನ ಬರೆಯಲು ಅಲ್ಲಿ ಅವಕಾಶವಿತ್ತು. ಅನೇಕ ಭಾರತೀಯ ವಿದ್ಯಾರ್ಥಿಗಳಿಗೆ ಅದೇ ಗುರುಕುಲವಾಯಿತು. ಆದರೆ ಹತ್ತು ದಿನಗಳ ಬಿಡುವು ಪ್ರಾಮಾಣಿಕನಿಗೆ ಎಷ್ಟು ಅನುಕೂಲವೋ ನಕಲು ಮಾಡುವವನಿಗೂ ಅಷ್ಟೇ ಅನುಕೂಲ. ಅದರ ಉತ್ತರಗಳು ಕೈಯಿಂದ ಕೈಗೆ ಹರಿದಾಡತೊಡಗಿದವು. ಇಂದು ಆ ಸ್ಪರ್ಧೆ ಹಳೆಯ ರೂಪದಲ್ಲಿ ಉಳಿದಿಲ್ಲ. ಎರಡು ತಾಸಿನ ಗಡಿ ಆಳಕ್ಕೆ ಅಡ್ಡಿ ಮಾಡುವುದು ನಿಜವಾದರೂ ಪರರ ಉತ್ತರವನ್ನು ತನ್ನದೆನ್ನುವುದಕ್ಕೂ ಅದು ಕೊಂಚ ಅಡ್ಡಿಯೇ ಸರಿ. ಇದನ್ನೂ ನಾವು ನ್ಯಾಯವಾಗಿ ಒಪ್ಪಬೇಕು.

ಹಾಗಾದರೆ ವೇಗವೆಂಬುದು ಎಲ್ಲಿಂದ ಬರುತ್ತದೆ? ಈ ಪ್ರಶ್ನೆಗೆ ನಮ್ಮ ಬೆಂಗಳೂರಿನಲ್ಲಿ ಹುಟ್ಟಿದ ಶ್ರೀಮತಿ ಶಕುಂತಲಾದೇವಿಯವರ ಜೀವನದಲ್ಲಿ ಉತ್ತರವಿದೆ. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಅವರು ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡುಗಳಲ್ಲಿ ಮನಸ್ಸಿನಲ್ಲಿಯೇ ಗುಣಿಸಿ ಲೋಕವನ್ನು ಬೆರಗುಗೊಳಿಸಿದರು. ಇಂತಹವರ ಮಿದುಳು ಮಿಂಚಿನಂತೆ ಓಡುತ್ತಿರಬೇಕೆಂದು ನಾವೆಲ್ಲ ಊಹಿಸುತ್ತೇವೆ. ಕ್ಯಾಲಿಫೋರ್ನಿಯದ ಬರ್ಕಲಿಯ ಮನಶ್ಶಾಸ್ತ್ರಜ್ಞ ಆರ್ಥರ್ ಜೆನ್ಸನ್ ಅವರು 1988ರಲ್ಲಿ ಆಕೆಯನ್ನು ಪರೀಕ್ಷಿಸಿ, 1990ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ದೀಪ ಹೊತ್ತಿದೊಡನೆ ಗುಂಡಿ ಒತ್ತುವಂತಹ ಸರಳ ಕ್ರಿಯೆಗಳಲ್ಲಿ ಆಕೆಯ ವೇಗದಲ್ಲಿ ಅಸಾಧಾರಣವೆನ್ನುವಂಥದು ಕಾಣಲಿಲ್ಲ. ಸಂಖ್ಯೆಗಳ ವಿಷಯದಲ್ಲಿ ಮಾತ್ರ ಆಕೆಗೆ ಸರಿಸಾಟಿಯಿರಲಿಲ್ಲ. ಎಳವೆಯಿಂದ ಸಂಖ್ಯೆಗಳೊಡನೆ ಬಾಳಿ, ಅವುಗಳ ಗುಣಸ್ವಭಾವಗಳನ್ನೂ ಲೆಕ್ಕದ ಉಪಾಯಗಳನ್ನೂ ನೆನಪಿನ ಆಳದಲ್ಲಿ ತುಂಬಿಕೊಂಡಿದ್ದುದೇ ಆ ವೇಗಕ್ಕೆ ಕಾರಣವೆಂದು ಜೆನ್ಸನ್ನರು ತೀರ್ಮಾನಿಸಿದರು.

ನಮ್ಮ ಅವಧಾನ ಕಲೆಯಲ್ಲಿಯೂ ಇದೇ ನಿಯಮವಿದೆ. ಪೃಚ್ಛಕರು ಒಡ್ಡಿದ ಸಮಸ್ಯೆಗೆ ಅವಧಾನಿಯು ಕ್ಷಣದಲ್ಲಿ ಪದ್ಯ ಕಟ್ಟುತ್ತಾನೆ. ನಿಷೇಧಿಸಿದ ಅಕ್ಷರವನ್ನು ತಪ್ಪಿಸಿ ಬೇರೊಂದು ಪದವನ್ನು ಹಿಡಿಯುತ್ತಾನೆ. ಛಂದಸ್ಸು, ನಿಘಂಟು, ಕಾವ್ಯಗಳ ದೀರ್ಘ ವ್ಯಾಸಂಗವಿಲ್ಲದೆ, ಚುರುಕುತನವೊಂದನ್ನೇ ನಂಬಿ ಸಭೆಗೆ ಬಂದವನ ಗತಿ ಏನಾದೀತೆಂಬುದನ್ನು ಹೇಳಬೇಕಾಗಿಲ್ಲ. ಪ್ರೋಗ್ರಾಮಿಂಗ್ ಸ್ಪರ್ಧೆಗಳ ಲೋಕದಲ್ಲಿ ಬೆಲರೂಸಿನ ಗೆನ್ನಾದಿ ಕೊರೊತ್ಕೆವಿಚ್ ಎಂಬ ತರುಣನ ಹೆಸರು ಮನೆಮಾತು. 1994ರಲ್ಲಿ ಹುಟ್ಟಿದ ಇವರು 2006ರ ಒಲಿಂಪಿಯಾಡಿನಲ್ಲಿ ಬೆಳ್ಳಿಯನ್ನೂ 2007ರಿಂದ 2012ರವರೆಗೆ ಸತತವಾಗಿ ಆರು ಚಿನ್ನವನ್ನೂ ಗಳಿಸಿದರು. ಇವರ ವೇಗವನ್ನು ಕಂಡು ಅನುಕರಿಸಲು ಹೊರಡುವವರು, ವೇಗಕ್ಕೆ ಅಂಕವೇ ಇಲ್ಲದ ಸ್ಪರ್ಧೆಯಲ್ಲಿ ಇವರು ಮೊದಲು ಪಳಗಿದರೆಂಬುದನ್ನು ಮರೆಯಬಾರದು.

ವೇಗವನ್ನೇ ಗುರಿಯಾಗಿಟ್ಟುಕೊಂಡು ಆಳವನ್ನು ಬಿಟ್ಟವರು ಹಿಡಿಯುವ ದಾರಿ ಬಾಯಿಪಾಠದ್ದು. ಹಳೆಯ ಲೆಕ್ಕಗಳ ಉತ್ತರಗಳನ್ನು ಕಂಠಸ್ಥ ಮಾಡಿ, ಹೊಸ ಲೆಕ್ಕ ಕಂಡಾಗ ಅದು ಯಾವ ಹಳೆಯದನ್ನು ಹೋಲುತ್ತದೆಂದು ಹುಡುಕುತ್ತಾರೆ. ಬಾಯಿಪಾಠವನ್ನು ನಾನು ಹಳಿಯುವವನಲ್ಲ. ಅಮರಕೋಶವನ್ನು ಬಾಯಿಪಾಠ ಮಾಡಿಯೇ ನಮ್ಮ ಪೀಳಿಗೆ ಬೆಳೆದಿದೆ. ಆದರೆ ಅರ್ಥವಿಲ್ಲದ ಪಾಠ ಪ್ರಸಂಗ ಬದಲಾದೊಡನೆ ಕೈಕೊಡುತ್ತದೆ. ನಮ್ಮ ಕೀರ್ದಿಯ ಲೆಕ್ಕವನ್ನೇ ತೆಗೆದುಕೊಳ್ಳಿ. ಎಲ್ಲ ದಿನಗಳೂ ನಷ್ಟದ ದಿನಗಳೇ ಆಗಿದ್ದರೆ? ಒಂದು ದಿನವನ್ನಾದರೂ ಆರಿಸಲೇಬೇಕೆಂದು ಪ್ರಶ್ನೆಯಲ್ಲಿ ಹೇಳಿದ್ದರೆ, ಪಾಠ ಒಪ್ಪಿಸಿದವನ ಪ್ರೋಗ್ರಾಂ ಸೊನ್ನೆಯೆಂದು ಹೇಳಿ ತಪ್ಪುತ್ತದೆ. ಕಡಿಮೆ ನಷ್ಟದ ದಿನವನ್ನು ಹೇಳುವುದು ಸರಿಯಾದ ಉತ್ತರ. ದಿನಕ್ಕೆ ಲಕ್ಷ ರೂಪಾಯಿಯಂತೆ ಲಕ್ಷ ದಿನಗಳ ಲಾಭ ಸೇರಿದರೆ ಮೊತ್ತ 1000 ಕೋಟಿಯಾಗುತ್ತದೆ. ಪ್ರೋಗ್ರಾಮಿನಲ್ಲಿ ಸಾಮಾನ್ಯವಾಗಿ ಬಳಸುವ ಸಂಖ್ಯೆಯ ಪಾತ್ರೆಯಲ್ಲಿ 214 ಕೋಟಿ ಚಿಲ್ಲರೆಗಿಂತ ಹೆಚ್ಚು ಹಿಡಿಯುವುದಿಲ್ಲ. ಇಂತಹ ಗುಂಡಿಗಳನ್ನು ಕಂಡು ನಡೆಯುವವನಿಗೆ ಐದು ನಿಮಿಷ ಹೆಚ್ಚು ಹಿಡಿದರೆ ಅದು ಮಂದಬುದ್ಧಿಯ ಗುರುತಲ್ಲ.

ಹಾಗೆಂದು ನಿಧಾನವೆಲ್ಲ ಆಳವೆಂದು ಹೇಳುವುದೂ ಸರಿಯಲ್ಲ. ಗೊತ್ತಿರುವ ವಿಷಯವನ್ನು ಬರೆಯಲು ತಡವರಿಸುವುದು, ಪ್ರಶ್ನೆಯನ್ನು ಅರೆಬರೆ ಓದಿ ಮತ್ತೆ ಮೊದಲಿನಿಂದ ತೊಡಗುವುದು, ತಪ್ಪಿದ ದಾರಿಯನ್ನೇ ಹಟದಿಂದ ಹಿಡಿದು ತಾಸುಗಟ್ಟಲೆ ಕೂಡುವುದು, ಇವೆಲ್ಲ ಅಭ್ಯಾಸದ ಕೊರತೆಯಿಂದ ಬರುವ ನಿಧಾನ. ಇದನ್ನು ತಿದ್ದಿಕೊಳ್ಳಲೇಬೇಕು. ಇಂದು ಕಂಪನಿಗಳು ಕೆಲಸಕ್ಕೆ ಆಯ್ಕೆ ಮಾಡುವಾಗ ಗಂಟೆ, ಒಂದೂವರೆ ಗಂಟೆಯ ಇಂಥವೇ ಪರೀಕ್ಷೆಗಳನ್ನು ಒಡ್ಡುತ್ತವೆ. ಸಾಲ ಮಾಡಿ ಮಗನನ್ನು ಓದಿಸಿದ ರೈತ ತಂದೆಗೆ “ವೇಗ ಬೇಡ, ಆಳ ಸಾಕು” ಎಂದು ಉಪದೇಶಿಸುವುದು ಹೊಟ್ಟೆ ತುಂಬಿದವರ ಮಾತಾದೀತು. ವೇಗ ಬೇಕು. ಅದನ್ನು ಆಳದ ನಂತರ ಕಲಿಯಬೇಕು, ಆಳದ ಬದಲಾಗಿ ಕಲಿಯಬಾರದು ಎಂಬುದಷ್ಟೇ ನಮ್ಮ ವಾದ.

ಈ ವಾದಕ್ಕೆ ಈಚಿನ ವರ್ಷಗಳಲ್ಲಿ ಹೊಸ ಬಲ ಬಂದಿದೆ. 2025ರ ಸೆಪ್ಟೆಂಬರಿನಲ್ಲಿ ಅಜರ್ಬೈಜಾನಿನ ಬಾಕು ನಗರದಲ್ಲಿ ಐಸಿಪಿಸಿಯ ವಿಶ್ವ ಅಂತಿಮ ಸ್ಪರ್ಧೆ ನಡೆಯಿತು. ಪ್ರಥಮ ಸ್ಥಾನ ಪಡೆದ ಸೇಂಟ್ ಪೀಟರ್ಸ್‌ಬರ್ಗ್ ರಾಜ್ಯ ವಿಶ್ವವಿದ್ಯಾಲಯದ ತಂಡ 12 ಲೆಕ್ಕಗಳಲ್ಲಿ 11ನ್ನು ಬಿಡಿಸಿತು. ಸ್ಪರ್ಧೆಯ ಪಟ್ಟಿಯಿಂದ ಹೊರಗೆ, ಅದೇ ಐದು ತಾಸಿನ ಅವಧಿಯಲ್ಲಿ ಓಪನ್‌ಎಐ ಸಂಸ್ಥೆಯ ಕೃತಕ ಬುದ್ಧಿಮತ್ತೆ 12ನ್ನೂ, ಗೂಗಲ್ ಸಂಸ್ಥೆಯದು 10ನ್ನೂ ಬಿಡಿಸಿದವು. ಅದೇ ವರ್ಷದ ಜುಲೈನಲ್ಲಿ ಟೋಕಿಯೋದಲ್ಲಿ ಆಟ್‌ಕೋಡರ್ ಸಂಸ್ಥೆ ನಡೆಸಿದ ಹತ್ತು ತಾಸಿನ ಸ್ಪರ್ಧೆಯಲ್ಲಿ ಚಿತ್ರ ಬೇರೆಯಾಗಿತ್ತು. ಅಲ್ಲಿಯದು ಪರಿಪೂರ್ಣ ಉತ್ತರವೇ ಇಲ್ಲದ, ಹೆಚ್ಚು ಹೆಚ್ಚು ಉತ್ತಮಗೊಳಿಸುತ್ತ ಹೋಗಬೇಕಾದ ಲೆಕ್ಕ. ಪೋಲೆಂಡಿನ ಪ್ಶೆಮಿಸ್ವಾವ್ ಡೆಂಬಿಯಾಕ್ ಅವರು ಓಪನ್‌ಎಐನ ಯಂತ್ರವನ್ನು ಎರಡನೆಯ ಸ್ಥಾನಕ್ಕೆ ಇಳಿಸಿ ಮೊದಲಿಗರಾದರು. ನಾಳೆ ಅಲ್ಲಿಯೂ ಯಂತ್ರ ಗೆಲ್ಲಬಹುದು; ಅದನ್ನು ಕುರಿತು ಪಂಥ ಕಟ್ಟುವುದು ನಮ್ಮ ಕೆಲಸವಲ್ಲ. ಆದರೆ ವೇಗದ ಓಟದಲ್ಲಿ ಯಂತ್ರದೊಡನೆ ಹೆಜ್ಜೆ ಹಾಕಲು ಮನುಷ್ಯನಿಗೆ ಸಾಧ್ಯವಾಗದ ಕಾಲ ಬಂದಿದೆಯೆಂಬುದು ನಿಶ್ಚಿತ. ಯಂತ್ರ ಕೊಟ್ಟ ಉತ್ತರ ಸರಿಯೋ ತಪ್ಪೋ, ಯಾವ ಸಂದರ್ಭದಲ್ಲಿ ಅದು ಮುರಿದು ಬಿದ್ದೀತು ಎಂದು ಹೇಳಬಲ್ಲವನ ಬೆಲೆ ಮುಂದೆಯೂ ಇದ್ದೇ ಇರುತ್ತದೆ. ಆ ಶಕ್ತಿ ಬರುವುದು ತಿಳಿವಳಿಕೆಯಿಂದ. ಯಂತ್ರದಿಂದ ಉತ್ತರವನ್ನು ಕದ್ದು ರೇಟಿಂಗ್ ಏರಿಸಿಕೊಂಡ ವಿದ್ಯಾರ್ಥಿ ಕದ್ದದ್ದು ತನ್ನದೇ ಮನೆಯ ಗಂಟನ್ನು.

ಇನ್ನು ಮನೆಯವರು ಮಾಡಬೇಕಾದುದೇನು? ಮಕ್ಕಳು ಇನ್ನೂ ಶಾಲೆಯಲ್ಲಿದ್ದರೆ ಗಣಕಯಂತ್ರವನ್ನು ಕೊಳ್ಳಲು ಅವಸರ ಪಡಬೇಕಾಗಿಲ್ಲ. ನಮ್ಮ ದೇಶದ ಗಣಕ ಒಲಿಂಪಿಯಾಡಿನ ವಲಯ ಪರೀಕ್ಷೆಯಲ್ಲಿ ಕಾಗದ-ಪೆನ್ನುಗಳಿಂದಲೇ ಕ್ರಮವಿಧಿಯ ಲೆಕ್ಕಗಳನ್ನು ಬಿಡಿಸುವ ಪದ್ಧತಿ ರೂಢಿಯಲ್ಲಿದೆ. ಅದರ ಹಳೆಯ ಪ್ರಶ್ನೆಗಳನ್ನು ದೊರಕಿಸಿ ಕೊಡಿ. ಹಳ್ಳಿಯ ಮಗುವೂ ಅಂಗಳದಲ್ಲಿ ಕುಳಿತು ಯೋಚಿಸಬಹುದು. ಕಾಲೇಜಿನ ಮಕ್ಕಳಾದರೆ ಸ್ಪರ್ಧೆ ಮುಗಿದ ಮರುದಿನವನ್ನು ಸ್ಪರ್ಧೆಗಿಂತ ಮುಖ್ಯವೆಂದು ಭಾವಿಸಲು ಹೇಳಿ. ಹಿಂದಿನ ರಾತ್ರಿ ಬಿಡಿಸಲಾಗದೆ ಉಳಿದ ಒಂದು ಲೆಕ್ಕವನ್ನು, ಗಡಿಯಾರವನ್ನು ನೋಡದೆ, ತಾನೇ ಬಿಡಿಸುವವರೆಗೆ ಹಿಡಿಯಲಿ. ಕೊನೆಗೂ ಆಗದಿದ್ದರೆ ಬೇರೆಯವರ ಉತ್ತರವನ್ನು ಓದಿ, ಅದನ್ನು ಮುಚ್ಚಿಟ್ಟು, ತನ್ನ ಮಾತಿನಲ್ಲಿ ಮತ್ತೆ ಬರೆಯಲಿ. ಹೊಸ ವಿಷಯವನ್ನು ಕಲಿಯುವಾಗ ಕಾಲವನ್ನು ಅಳೆಯಬೇಡ, ಕಲಿತದ್ದನ್ನು ಪುನರಾವರ್ತಿಸುವಾಗ ಅಳೆ ಎಂದು ತಿಳಿಸಿ. ಹೀಗೆ ಮಾಡಿದರೆ ವೇಗವೂ ತಾನಾಗಿ ಹಿಂದೆ ಬರುತ್ತದೆ.

ಕೋಣೆಯಿಂದ ಹೊರಬಂದ ಮಗುವನ್ನು “ಎಷ್ಟನೆಯ ಸ್ಥಾನ ಬಂತು?” ಎಂದು ಕೇಳುವ ಬದಲು, “ಇವತ್ತು ಯಾವ ಲೆಕ್ಕ ನಿನ್ನನ್ನು ಕಾಡಿತು? ನನಗೂ ಸ್ವಲ್ಪ ಹೇಳು” ಎಂದು ಕೇಳಿ ನೋಡಿ. ಗಣಕಯಂತ್ರವನ್ನು ಅರಿಯದ ತಾಯಿಗೆ ಅರ್ಥವಾಗುವಂತೆ ಒಂದು ಲೆಕ್ಕವನ್ನು ವಿವರಿಸಬಲ್ಲ ಮಗು ಅದನ್ನು ನಿಜವಾಗಿ ತಿಳಿದಿದೆ ಎಂದೇ ಅರ್ಥ. ವಿವರಿಸುತ್ತ ವಿವರಿಸುತ್ತ ತನ್ನ ತಪ್ಪು ತನಗೇ ಹೊಳೆಯುವುದೂ ಉಂಟು. ಒಂದೂವರೆ ತಾಸು ಒಂದೇ ಲೆಕ್ಕದ ಮುಂದೆ ಅಲುಗಾಡದೆ ಕೂಡುವ ಏಕಾಗ್ರತೆ ಇಂದಿನ ದಿನಗಳಲ್ಲಿ ಎಲ್ಲರಿಗೂ ಒಲಿಯುವಂಥದಲ್ಲ. ಅಂತಹ ಮಗು ನಿಮ್ಮ ಮನೆಯಲ್ಲಿದ್ದರೆ ಅದಕ್ಕೆ ಮಂದಬುದ್ಧಿಯೆಂಬ ಹೆಸರು ಕೊಡಬೇಡಿ. ಅದರ ಊಟವನ್ನು ಬಿಸಿಯಾಗಿ ತೆಗೆದಿರಿಸಿ, ಅದು ತನ್ನ ಲೆಕ್ಕವನ್ನು ಮುಗಿಸಿ ಬರಲೆಂದು ಕಾಯಿರಿ.